ಬಾಗಿಲ ಪಕ್ಕದ ಕುರ್ಚಿ

ಹಿಟ್ಟು ನಾದುತ್ತಿದ್ದ ಕೆಲ್ತೂಮ್ ಮತ್ತೊಮ್ಮೆ ಕೈಬಿಟ್ಟು ಗೋಡೆಗೆ ಒರಗಿದಳು. ಎದುರಿಗೆ ಪುದೀನ ಬಿಡಿಸುತ್ತ ಕೂತಿದ್ದ ಅವಳ ಅತ್ತೆ ಯಮ್ನಾ ತಲೆ ಎತ್ತಿ ನೋಡಿದಳು.

“ಮಾತ್ರೆ ತಗೊಳ್ತಿದೀಯಾ?”

“ತಗೊಳ್ತಿದೀನಿ ಅತ್ತೆ.”

“ಸುಳ್ಳು ಬೊಗಳ್ಬೇಡ. ಮುಂಚೆ ಮಾತ್ರೆ ನುಂಗಿದ್ರೆ ಬಚ್ಚಲಲ್ಲಿ ವಾಕರಿಸ್ತಿದ್ದೆ. ಈ ಮನೇಲಿ ಸೂಜಿ ಬಿದ್ರೂ ನಂಗೆ ಕೇಳುತ್ತೆ. ಆ ಸದ್ದು ಕೇಳಿ ಎಷ್ಟು ಕಾಲ ಆಯ್ತು?”

ಕೆಲ್ತೂಮ್ ಮತ್ತೆ ಹಿಟ್ಟಿಗೆ ಕೈ ಹಾಕಿದಳು. ಅವಳ ಮುಂಗೈ ಒಣಗಿದ ಕಡ್ಡಿಯ ಹಾಗಾಗಿತ್ತು. ಯಮ್ನಾ ಎದ್ದು ಬಂದು ಅವಳನ್ನು ಪಕ್ಕಕ್ಕೆ ಸರಿಸಿ ತಾನೇ ನಾದತೊಡಗಿದಳು.

“ಸಾಯೋದಾದ್ರೆ ನಿನ್ನ ತವರಿಗೆ ಹೋಗಿ ಸಾಯಿ. ಇಲ್ಲಿ ಸತ್ರೆ, ಏನಾಗಿ ಸತ್ತಳು ಅಂತ ಇಡೀ ಇನೆಜ್ಗಾನ್ ಊರೇ ಕೇಳುತ್ತೆ,” ಎಂದಳು. ಸ್ವಲ್ಪ ಹೊತ್ತಾದ ಮೇಲೆ, “ಒಲೆ ಮೇಲೆ ಗಂಜಿ ಇದೆ. ಆರೋಕ್ ಮುಂಚೆ ಕುಡಿ,” ಎಂದೂ ಸೇರಿಸಿದಳು.

ಕೆಲ್ತೂಮ್‌ಳ ಗಂಡ ಲಹ್ಸೆನ್ ದೂರದ ದಖ್ಲಾ ಬಂದರಿನಿಂದ ಮೀನಿನ ಲಾರಿ ಓಡಿಸುತ್ತಿದ್ದವನು. ತಿಂಗಳಲ್ಲಿ ಅರ್ಧ ರಸ್ತೆಯ ಮೇಲೆ, ಅರ್ಧ ಮನೆಯಲ್ಲಿ. ಎರಡು ಚಳಿಗಾಲದ ಹಿಂದೆ ಅವನು ಸತ್ತಾಗ ಶ್ವಾಸಕೋಶದ ತೊಂದರೆ ಎಂದು ಊರಿಗೆಲ್ಲ ಹೇಳಿದರು. ಎಚ್‌ಐವಿ ಎಂಬುದು ಮನೆಯಲ್ಲಿ ಮೂವರಿಗೆ ಮಾತ್ರ ಗೊತ್ತಿತ್ತು: ಹೆಂಡತಿಗೆ, ತಾಯಿಗೆ, ಮಹಡಿಯ ಮೇಲೆ ಸಂಸಾರ ಹೂಡಿದ್ದ ತಮ್ಮ ಬೀಹಿಗೆ. ಕೆಲ್ತೂಮ್‌ಗೂ ಅದು ಅಂಟಿದೆ ಎಂಬುದೂ ಆ ಮೂವರಿಗೇ ಗೊತ್ತಿದ್ದದ್ದು. ಅವಳ ಮಗಳು ನುಹೈಲಾಗೆ ಹದಿನಾರು ವರ್ಷ. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ.

ಆದರೆ ಹುಡುಗಿಗೆ ಕಣ್ಣಿತ್ತು. ಶುಕ್ರವಾರ ನಮಾಜು ಮುಗಿದು ಎಲ್ಲರೂ ಒಂದೇ ದೊಡ್ಡ ತಟ್ಟೆಯ ಸುತ್ತ ಕುಸ್‌ಕುಸ್‌ಗೆ ಕೂತರೆ, ಅಮ್ಮನಿಗೆ ಮಾತ್ರ ಅಡುಗೆಮನೆಯಲ್ಲಿ ಬೇರೆ ಬಟ್ಟಲು.

“ಅಮ್ಮ ಯಾಕೆ ಇಲ್ಲಿ ಕೂರಲ್ಲ?”

“ಅವಳಿಗೆ ಹೊಟ್ಟೆ ಸರಿಯಿಲ್ಲ. ಖಾರ ಆಗಲ್ಲ,” ಎಂದಳು ಯಮ್ನಾ.

“ಕುಸ್‌ಕುಸ್‌ನಲ್ಲಿ ಖಾರ ಎಲ್ಲಿದೆ ಅಜ್ಜಿ?”

“ನಿನ್ನ ನಾಲಿಗೇಲಿದೆ. ಬಾಯ್ ಮುಚ್ಕೊಂಡು ತಿನ್ನು.”

ಬೀಹಿ ನಗಲಿಲ್ಲ. ಸಂತೆ ಬೀದಿಯಲ್ಲಿ ಅವನದು ಆಲಿವ್ ಕಾಯಿ, ಉಪ್ಪಿನಕಾಯಿಯ ಅಂಗಡಿ. ಅಣ್ಣನ ಕಾಯಿಲೆಯ ಹೆಸರು ಹೊರಗೆ ಬಿದ್ದರೆ ತನ್ನ ಅಂಗಡಿಯ ಜಾಡಿಗಳಿಗೆ ಯಾರು ಕೈ ಹಾಕುತ್ತಾರೆ ಎಂಬುದೇ ಅವನ ಚಿಂತೆ. ಆ ದಿನ ಊಟವಾದ ಮೇಲೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, “ಅತ್ತಿಗೆ, ನೀವು ನಿಮ್ಮ ಅಣ್ಣಂದಿರ ಮನೆಗೆ ಹೋಗಿ. ಬೆಟ್ಟದ ಗಾಳಿ ಒಳ್ಳೇದು,” ಎಂದ.

“ನುಹೈಲಾ?”

“ಅವಳು ಇಲ್ಲೇ ಓದ್ಲಿ. ನಮ್ಮ ಮನೆ ರಕ್ತ ಅವಳು.”

“ನನ್ನ ರಕ್ತಾನೂ ಸ್ವಲ್ಪ ಇದೆ.”

“ಅದೇ ಭಯ,” ಎಂದು ಬೀಹಿ ಮೆಟ್ಟಿಲು ಹತ್ತಿದ.

ಕೆಲ್ತೂಮ್ ಆಸ್ಪತ್ರೆಗೆ ಹೋಗುವುದನ್ನು ಬಿಟ್ಟದ್ದಕ್ಕೆ ಕಾರಣವಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೋದ ವರ್ಷ ಬೇಸಿಗೆ ಮುಗಿಯುವಾಗ, ಅವಳು ಹೋಗುತ್ತಿದ್ದ ದೊಡ್ಡ ಆಸ್ಪತ್ರೆಯ ಮೊಗಸಾಲೆಯಲ್ಲಿ ಒಬ್ಬ ನರ್ಸು ಅವಳ ಹೆಸರಿನ ಜೊತೆ ಕಾಯಿಲೆಯ ಹೆಸರನ್ನೂ ಸೇರಿಸಿ ಕೂಗಿದಳು. ಬೆಂಚಿನ ಮೇಲಿದ್ದವರು ಜಲಾಬಾ ನಿಲುವಂಗಿಯ ಅಂಚು ಎಳೆದುಕೊಂಡು ದೂರ ಸರಿದರು. ಒಳಗೆ ಡಾಕ್ಟರ ಜೊತೆ ವೈದ್ಯಕೀಯ ಓದುತ್ತಿದ್ದ ಹುಡುಗರೂ ಇದ್ದರು. ಮಲಗು ಎಂದರು. ಕಾಲು ಸರಿಸು ಎಂದರು. ಅವಳು ಸೆಟೆದುಕೊಂಡಳು, ಬೇಡ, ಬೇಡ ಎಂದಳು. ಯಾರೋ ಹಿಂದಿನಿಂದ ಭುಜ ಅದುಮಿ ಹಿಡಿದರು. “ಈ ನಾಚಿಕೆ ಮುಂಚೆ ಇರ್ಬೇಕಿತ್ತು,” ಎಂದರು ಡಾಕ್ಟರು. ಒಬ್ಬ ಹುಡುಗ ನಕ್ಕ. ಅವಳು ಮನೆಗೆ ಬಂದು ನೀರು ಕಾಯಿಸಿ ಮೈ ಕೆಂಪಾಗುವಷ್ಟು ತಿಕ್ಕಿ ತೊಳೆದುಕೊಂಡಳು. ಇದ್ದ ಮಾತ್ರೆ ಮುಗಿದ ಮೇಲೆ ಮತ್ತೆ ತರಲು ಹೋಗಲಿಲ್ಲ.

ಅವಳ ಕೆಲಸ ಐತ್ ಅಮೀರಾ ಎಂಬ ಊರಿನ, ಟೊಮೇಟೊ ಪೆಟ್ಟಿಗೆ ಕಟ್ಟುವ ಶೆಡ್ಡಿನಲ್ಲಿ. ನಸುಕಿಗೇ ಪಿಕಪ್ ಗಾಡಿ ಬಂದು ಬೀದಿಯ ಹೆಂಗಸರನ್ನು ನಿಲ್ಲಿಸಿಕೊಂಡೇ ಒಯ್ಯುತ್ತಿತ್ತು. ಆ ವಾರ ಪೆಟ್ಟಿಗೆ ಎತ್ತುವಾಗ ಅವಳಿಗೆ ಕಣ್ಣು ಕತ್ತಲಿಟ್ಟು, ಟೊಮೇಟೊ ರಾಶಿಯ ಮೇಲೇ ಬಿದ್ದಳು. ಎಚ್ಚರಾದಾಗ ಜೊತೆಯ ಹದ್ದಾ ಎಂಬವಳು ತನ್ನ ತಲೆವಸ್ತ್ರವನ್ನು ಒದ್ದೆ ಮಾಡಿ ಅವಳ ಹಣೆಯ ಮೇಲಿಟ್ಟು ಕೂತಿದ್ದಳು. ಹದ್ದಾ ಮೇಸ್ತ್ರಿಗೂ ಹೆದರದ ಗಟ್ಟಿ ಬಾಯಿಯ ಹೆಂಗಸು.

“ಮಂಗಳವಾರ ನನ್ನ ಜೊತೆ ಬಾ. ನಾನು ಹೋಗೋ ಕಡೆ ಒಬ್ಬ ಹೆಂಗಸು ಡಾಕ್ಟರ್ ಇದಾರೆ.”

“ನೀನ್ಯಾಕೆ ಹೋಗ್ತೀಯ ಡಾಕ್ಟರ್ ಹತ್ರ? ಕಲ್ಲುಗುಂಡಿನ ಹಾಗಿದೀಯ.”

“ನೀನು ಯಾವುದಕ್ಕೆ ಹೋಗೋದು ಬಿಟ್ಟಿದೀಯೋ, ಅದಕ್ಕೇ,” ಎಂದಳು ಹದ್ದಾ.

ಕೆಲ್ತೂಮ್ ಅವಳ ಮುಖವನ್ನೇ ನೋಡಿದಳು. ಇಷ್ಟು ಕಾಲ ಒಂದೇ ಸಾಲಿನಲ್ಲಿ ನಿಂತು ಟೊಮೇಟೊ ಆರಿಸಿದ್ದರು.

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿತ್ತು ಆ ಚಿಕಿತ್ಸಾಲಯ. ಹೆಂಗಸರ ಒಂದು ಸಂಘ ನಡೆಸುತ್ತಿದ್ದದ್ದು. ಬಾಗಿಲಲ್ಲಿದ್ದವಳು, “ನಿಮ್ಮನ್ನ ಏನಂತ ಕರೀಲಿ?” ಎಂದು ಕೇಳಿದಳು. ತನ್ನ ಹೆಸರು ಹೇಳಲಾಗದೆ ಕೆಲ್ತೂಮ್ ತೀರಿಹೋದ ತನ್ನ ತಾಯಿಯ ಹೆಸರು ಹೇಳಿದಳು. ಸರದಿ ಬಂದಾಗ ಯಾರೂ ಕೂಗಲಿಲ್ಲ. ಡಾಕ್ಟರೇ ಹೊರಗೆ ಬಂದು ಬಗ್ಗಿ ಕರೆದರು.

ಡಾಕ್ಟರ್ ವಫಾಗೆ ನಲವತ್ತರ ಆಸುಪಾಸು. “ಎಲ್ಲಿ ಕೂತ್ರೆ ನಿಮಗೆ ಹಿತ?” ಎಂದರು. ಕೆಲ್ತೂಮ್ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಳು. “ಬಾಗಿಲು ಹಾಕ್ಲಾ, ಓರೆ ಇರ್ಲಾ?” ಓರೆ ಇರಲಿ ಎಂದಳು. ಡಾಕ್ಟರು ತಮ್ಮ ಕುರ್ಚಿಯನ್ನು ಮೇಜಿನ ಆಚೆಯಿಂದ ಈಚೆಗೆ ತಂದು, ಆದರೆ ಹತ್ತಿರ ಬಾರದೆ ಕೂತರು.

“ಮಾತ್ರೆ ಬಿಟ್ಟೆ,” ಎಂದಳು ಕೆಲ್ತೂಮ್, ಬೈಗುಳಕ್ಕೆ ಕುತ್ತಿಗೆ ತಗ್ಗಿಸಿ.

“ಅಲ್ಲಿಗೆ ಹೋಗೋಕೇ ಆಗದ ಹಾಗೆ ಏನಾದ್ರೂ ಆಯ್ತಾ?”

ಆ ಪ್ರಶ್ನೆಯನ್ನು ಅವಳು ನಿರೀಕ್ಷಿಸಿರಲಿಲ್ಲ. “ಬೆಲ್ಲ ಸವರಿದ ಮಾತು. ಆಮೇಲೆ ಮಲಗು ಅಂತಾರೆ,” ಎಂದು ಮನಸ್ಸಿನಲ್ಲೇ ಅಂದುಕೊಂಡಳು. ಹೊರಗೆ ಮಾತ್ರ, “ಬಸ್ಸು ಸಿಗಲ್ಲ,” ಎಂದಳು. ಡಾಕ್ಟರು ಇನ್ನೂ ಕೆದಕಲಿಲ್ಲ. “ಇವತ್ತು ನಾನು ನಿಮ್ಮನ್ನ ಮುಟ್ಟಲ್ಲ. ರಕ್ತ ಒಂದು ಕೊಡೋಕಾದ್ರೆ ಕೊಡಿ; ಇಲ್ಲಾಂದ್ರೆ ಮುಂದಿನ ಸಲ,” ಎಂದರು. ಅವಳು ರಕ್ತ ಕೊಟ್ಟು, ಮಾತ್ರೆ ತೆಗೆದುಕೊಂಡು ಹೊರಬಿದ್ದಳು.

“ಹೇಗಿತ್ತು?” ಎಂದಳು ಹದ್ದಾ.

“ಏನೂ ಮಾಡ್ಲಿಲ್ಲ.”

“ಅದೇ ಆಯಮ್ಮನ ಚೆಂದ.”

ಮುಂದಿನ ಮಂಗಳವಾರವೂ ಹೋದಳು, ಅದರ ಮುಂದಿನದಕ್ಕೂ. ಅದೇ ಕುರ್ಚಿ, ಅದೇ ಓರೆ ಬಾಗಿಲು. ಒಂದು ಸಲ ಆಸ್ಪತ್ರೆಯ ಹುಡುಗನ ನಗುವಿನ ವಿಷಯ ಹೇಳಿದಳು. ಇನ್ನೊಂದು ಸಲ, ಲಾರಿಯಿಂದ ಇಳಿದು ಬಂದ ರಾತ್ರಿಗಳಲ್ಲಿ ಗಂಡ ಅವಳ ಬಾಯಿಯ ಮೇಲೆ ಅಂಗೈ ಒತ್ತಿ ಹಿಡಿಯುತ್ತಿದ್ದುದನ್ನು ಹೇಳಿದಳು. ಕಾಯಿಲೆ ಇದೆಯೆಂದು ಅವನಿಗೆ ಅಗಾದೀರ್ ಪಟ್ಟಣದಲ್ಲಿ ಯಾರೋ ಡಾಕ್ಟರು ಮೊದಲೇ ಹೇಳಿದ್ದರು. ಅವನು ಮನೆಯಲ್ಲಿ ಹೇಳಿರಲಿಲ್ಲ. ಅವನ ಮೈಯ ಹುಣ್ಣು ನೋಡಿ ಅವಳು ಬೇಡ ಅಂದಷ್ಟೂ ಅಂಗೈ ಗಟ್ಟಿಯಾಗುತ್ತಿತ್ತು. ಮೀನಿನ ವಾಸನೆಯ ಅಂಗೈ. ಹೇಳಿ ಮುಗಿಸಿದಾಗ ಅವಳ ಹಲ್ಲು ಕಟಕಟ ಎನ್ನುತ್ತಿತ್ತು. ಡಾಕ್ಟರು ಬಿಸಿ ಚಹಾ ತರಿಸಿ, ಅವಳು ಕುಡಿದು ಮುಗಿಸುವವರೆಗೆ ಸುಮ್ಮನೆ ಕೂತಿದ್ದರು.

ಒಳಪರೀಕ್ಷೆ ಮಾಡಲೇಬೇಕಾದ ದಿನ ಬಂತು. ಗರ್ಭಕೋಶದ ಬಾಯಿ ನೋಡಬೇಕು, ಈ ಕಾಯಿಲೆಯವರಿಗೆ ಅದು ತಪ್ಪಬಾರದು ಎಂದು ಡಾಕ್ಟರು ಬಿಡಿಸಿ ಹೇಳಿದರು. “ನಿಲ್ಸಿ ಅನ್ನಿ, ಆ ಕ್ಷಣವೇ ನಿಲ್ಸ್ತೀನಿ. ಕಾರಣ ಹೇಳೋದೂ ಬೇಡ.”

ಕೆಲ್ತೂಮ್ ಮಲಗಿದಳು. ಡಾಕ್ಟರು ಕೈ ಮುಂದೆ ತರುವ ಮುಂಚೆಯೇ “ನಿಲ್ಸಿ” ಎಂದಳು. ಡಾಕ್ಟರು ಎರಡು ಹೆಜ್ಜೆ ಹಿಂದೆ ಸರಿದು ಕಿಟಕಿಯ ಕಡೆ ಮುಖ ಮಾಡಿ ನಿಂತರು. ಸ್ವಲ್ಪ ಹೊತ್ತು ಬಿಟ್ಟು ಹೂಂ ಎಂದಳು. ಮತ್ತೆ ಶುರುವಾದಾಗ, ನೋವೇನೂ ಇಲ್ಲದಿದ್ದರೂ, “ನಿಲ್ಸಿ” ಎಂದಳು. ಮತ್ತೆ ನಿಂತಿತು. ಮತ್ತೊಮ್ಮೆ ಹಾಗೇ ಮಾಡಿದಳು. ಡಾಕ್ಟರ ಮುಖದಲ್ಲಿ ಬೇಸರವಿದೆಯೇ ಎಂದು ತಲೆ ಎತ್ತಿ ಹುಡುಕಿದಳು.

“ನಿಮಗೆ ಕೋಪ ಬರಲ್ವಾ?”

“ಇಲ್ಲ. ಇವತ್ತು ಆಗದಿದ್ರೆ ಇನ್ನೊಂದಿನ.”

“ಮುಗಿಸಿಬಿಡಿ,” ಎಂದಳು ಕೆಲ್ತೂಮ್. ಹಾಗೆಂದವಳು ಬಿಕ್ಕಿ ಬಿಕ್ಕಿ ಅತ್ತಳು. ಅವಳು ಹುಟ್ಟಿದಂದಿನಿಂದ ಅವಳ ಬಾಯಿಂದ ಬಂದ ಆ ಒಂದು ಮಾತಿಗೆ ಯಾರೂ ನಿಂತಿರಲಿಲ್ಲ.

ಮನೆಯಲ್ಲಿ ಯಮ್ನಾಳ ಕಣ್ಣು ತಪ್ಪಿಸುವುದು ಸಾಧ್ಯವಿರಲಿಲ್ಲ. “ಪ್ರತಿ ಮಂಗಳವಾರ ಒಗೆದ ಜಲಾಬಾ ಹಾಕ್ಕೊಂಡು ಎಲ್ಲಿಗೆ ಸವಾರಿ?”

“ಸಂತೆಗೆ.”

“ಸಂತೆಗೆ ಹೋದವಳು ಖಾಲಿ ಚೀಲ ತರ್ತಾಳಾ? ಗಂಡ ಸತ್ತ ಹೆಂಗಸು ಕೆನ್ನೆ ತುಂಬ್ಕೊಳ್ತಿದಾಳೆ ಅಂದ್ರೆ ಏನರ್ಥ? ಯಾವನು ಅವನು?”

ಕೆಲ್ತೂಮ್‌ಗೆ ನಗು ಬಂತು. ಎಷ್ಟೋ ಕಾಲದ ಮೇಲೆ ಆ ಮನೆಯಲ್ಲಿ ಅವಳು ನಕ್ಕದ್ದು. “ನೀವೇ ಬನ್ನಿ ಅತ್ತೆ, ತೋರಿಸ್ತೀನಿ.”

ಯಮ್ನಾ ನಿಜವಾಗಿಯೂ ಹೊರಟಳು. ಮೊಗಸಾಲೆಯಲ್ಲಿ ಕೂತು ಬಂದುಹೋಗುವ ಹೆಂಗಸರನ್ನು ಅಳೆದು ನೋಡಿದಳು. ಡಾಕ್ಟರು ಹೊರಬಂದು ಕೆಲ್ತೂಮ್‌ಳನ್ನು ಮೆಲ್ಲಗೆ ಕೇಳಿದರು: “ಅತ್ತೆಯವರೂ ಒಳಗೆ ಬರ್ಲಾ? ನಿಮ್ಮಿಷ್ಟ.”

“ಬೇಡ,” ಎಂದಳು ಕೆಲ್ತೂಮ್.

ಯಮ್ನಾ ಕೇಳಿಸಿಕೊಂಡಳು. ಮೂಗಿನ ಹೊಳ್ಳೆ ಅರಳಿಸಿ ತಸ್ಬಿ ಮಣಿ ಎಣಿಸುತ್ತ ಹೊರಗೇ ಕೂತಳು. ಹಿಂದಿರುಗುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೇಳಿದಳು:

“ನನ್ನ ಮಗನ ಬಗ್ಗೆ ಏನು ಹೇಳ್ದೆ ಅವರಿಗೆ?”

“ನಿಮ್ಮ ಮಗ ಮಾಡಿದ್ದನ್ನ.”

“ಸತ್ತೋನ ಮೇಲೆ ಮಾತಾಡ್ತೀಯಾ?”

“ನಾನಿನ್ನೂ ಬದುಕಿದೀನಲ್ಲ ಅತ್ತೆ.”

ಬಸ್ಸು ಗೋಧಿ ಮಿಲ್ಲು ದಾಟಿತು. ಕೆಲ್ತೂಮ್ ಧ್ವನಿ ತಗ್ಗಿಸಿ, “ನೀವು ಗೋಡೆಯ ಆಚೆಗೇ ಮಲಗ್ತಿದ್ರಿ. ಸೂಜಿ ಬಿದ್ರೂ ನಿಮಗೆ ಕೇಳುತ್ತೆ,” ಎಂದಳು.

ಯಮ್ನಾ ಮತ್ತೆ ತಸ್ಬಿ ಮಣಿ ಎಣಿಸತೊಡಗಿದಳು. ಇಳಿಯುವ ಜಾಗ ಬಂದಾಗ, ಕಂಬ ಹಿಡಿದು ಏಳುತ್ತ, “ರೇಡಿಯೋ ಹಾಕಿರ್ತಿದ್ದೆ,” ಎಂದಳು.

ಅಂದಿನಿಂದ ಅತ್ತೆ ಸೊಸೆಯರ ನಡುವೆ ಜಗಳವೂ ನಿಂತಿತು, ಮಾತೂ ನಿಂತಿತು. ಒಬ್ಬಳು ಚಹಾ ಕಾಯಿಸಿದರೆ ಇನ್ನೊಬ್ಬಳು ಸುಮ್ಮನೆ ಕುಡಿಯುತ್ತಿದ್ದಳು. ಬೀಹಿಗೆ ಈ ಮೌನ ಹಿಡಿಸಲಿಲ್ಲ. ಅವನ ಅಂಗಡಿಯ ಗಿರಾಕಿಯೊಬ್ಬಳು, “ನಿನ್ನತ್ತಿಗೇನ ಆ ಓಣೀಲಿ ನೋಡ್ದೆ,” ಎಂದಿದ್ದಳು.

“ಈ ತಿಂಗಳು ಮುಗಿಯೋದ್ರೊಳಗೆ ಹೊರಡಿ,” ಎಂದ ಬೀಹಿ. “ಇಲ್ಲಾಂದ್ರೆ ಹುಡುಗೀಗೆ ನಾನೇ ಹೇಳ್ತೀನಿ, ಅವಳಮ್ಮ ಯಾವ ಕಾಯಿಲೆ ಹೊತ್ಕೊಂಡು ಓಡಾಡ್ತಿದಾಳೆ ಅಂತ.”

ಕೆಲ್ತೂಮ್ ಈ ವಿಷಯವನ್ನು ಡಾಕ್ಟರ ಮುಂದಿಟ್ಟಳು. “ಹೇಳ್ಬೇಕಾ ನಾನು?” ಎಂದು ಕೇಳಿದಳು. “ಅದು ನಿಮ್ಮ ವಿಷಯ. ಯಾವಾಗ, ಹೇಗೆ ಅನ್ನೋದು ನಿಮಗೇ ಬಿಟ್ಟಿದ್ದು. ಹೇಳೋಕೆ ಜೊತೆ ಬೇಕಾದ್ರೆ ನಾನಿದೀನಿ,” ಎಂದರು ಡಾಕ್ಟರು. ಕೆಲ್ತೂಮ್ ಒಬ್ಬಳೇ ಹೇಳುತ್ತೇನೆ ಎಂದಳು.

ಸಂಜೆ ತಾರಸಿಯ ಮೇಲೆ ಒಣಗಿದ ಬಟ್ಟೆ ತೆಗೆಯಲು ಮಗಳನ್ನು ಕರೆದಳು. ನುಹೈಲಾ ಒಂದು ಬುಟ್ಟಿ ಮಡಚಿ ಮುಗಿಸುವಷ್ಟರಲ್ಲಿ ಅಮ್ಮನ ಕೈಯಲ್ಲಿ ಇನ್ನೂ ಮೊದಲಿನ ದುಪ್ಪಟಿಯೇ ಇತ್ತು.

“ಅದನ್ನೇ ಎಷ್ಟು ಸಲ ಮಡಚ್ತೀಯ? ಏನೋ ಹೇಳ್ಬೇಕಲ್ಲ ನಿಂಗೆ, ಹೇಳು.”

“ನಂಗೆ ಎಚ್‌ಐವಿ ಇದೆ.”

ಪಕ್ಕದ ಮನೆಯ ತಾರಸಿಯಲ್ಲಿ ಯಾರೋ ಕಂಬಳಿ ಬಡಿಯುತ್ತಿದ್ದರು. ಅದು ನಿಂತ ಮೇಲೆ ಹುಡುಗಿ ಕೇಳಿದಳು:

“ನಂಗೆ?”

“ನಿಂಗಿಲ್ಲ. ನಿಮ್ಮಪ್ಪ ಆಸ್ಪತ್ರೆ ಸೇರಿದಾಗ ನಿನ್ನ ರಕ್ತಾನೂ ತೆಗೆದಿದ್ರಲ್ಲ, ಅದು ಇದಕ್ಕೇ. ನಿಂಗೇನೂ ಇಲ್ಲ.”

“ಅಪ್ಪನಿಂದ ಬಂದಿದ್ದಾ?”

“ಹೂಂ.”

“ಅಪ್ಪಂಗೆ ಗೊತ್ತಿತ್ತಾ?”

ಗೊತ್ತಿರಲಿಲ್ಲ ಎಂದುಬಿಡಬಹುದಿತ್ತು. ಹುಡುಗಿ ಅಪ್ಪ ಕೊಡಿಸಿದ ಕೈಗಡಿಯಾರವನ್ನು ಇನ್ನೂ ಕಟ್ಟಿಕೊಳ್ಳುತ್ತಿದ್ದಳು. ಕೆಲ್ತೂಮ್ ದುಪ್ಪಟಿಯನ್ನು ಬುಟ್ಟಿಯಲ್ಲಿಟ್ಟಳು. “ಗೊತ್ತಿತ್ತು.”

“ನೀನು ಬೇಡ ಅನ್ಬೋದಿತ್ತಲ್ಲ!”

“ಅಂದಿದ್ದೆ.”

ನುಹೈಲಾ ಬುಟ್ಟಿ ಎತ್ತಿಕೊಂಡು ದಡದಡ ಇಳಿದು ಹೋದಳು. ಅಂದಿನಿಂದ ಅಜ್ಜಿಯ ಕೋಣೆಯಲ್ಲಿ ಮಲಗತೊಡಗಿದಳು. ಅಮ್ಮ ಬಡಿಸಿದರೆ ಹಸಿವಿಲ್ಲ. ಅಜ್ಜಿ ಬಡಿಸಿದರೆ ಅರ್ಧ ಹಸಿವು. ಅಜ್ಜಿಯನ್ನೂ ಅವಳು ಬಿಡಲಿಲ್ಲ. ಒಂದು ಬೆಳಿಗ್ಗೆ ಅಡುಗೆಮನೆಯಿಂದ ಕೆಲ್ತೂಮ್‌ಗೆ ಕೇಳಿಸಿತು:

“ನಿನ್ನ ಮಗ ಅಜ್ಜಿ ಅವನು!”

“ನಿನ್ನಪ್ಪಾನೂ ಹೌದು. ಕೂಗ್ಬೇಡ, ರೊಟ್ಟಿ ತಿನ್ನು.”

ಬೀಹಿ ಬಂದು “ನುಹೈಲಾ, ನಿಂಗೊಂದು ವಿಷಯ ಹೇಳ್ಬೇಕು” ಎಂದು ಗಂಟಲು ಸರಿಮಾಡಿಕೊಂಡ ದಿನ, ಹುಡುಗಿ ಪುಸ್ತಕದಿಂದ ತಲೆ ಎತ್ತದೆ, “ಗೊತ್ತು ಚಿಕ್ಕಪ್ಪ. ನಿಮ್ಮ ಆಲಿವ್ ಹಾಳಾಗೋಕ್ ಮುಂಚೆ ಅಂಗಡಿಗೆ ಹೋಗಿ,” ಎಂದಳು. ಬೀಹಿಯ ಮುಖ ಕಪ್ಪಿಟ್ಟಿತು. ಒಲೆಯ ಮುಂದಿದ್ದ ಕೆಲ್ತೂಮ್, ಮಗಳು ಈಗ ತನ್ನ ಕಡೆ ನೋಡುತ್ತಾಳೆ ಎಂದು ಕಾದಳು. ಹುಡುಗಿ ಹಾಳೆ ಮಗುಚಿದಳು.

ಆ ವಾರವೇ ಕೆಲ್ತೂಮ್ ಐತ್ ಅಮೀರಾದಲ್ಲಿ, ಹದ್ದಾಳ ಬೀದಿಯ ಕೊನೆಯಲ್ಲಿ, ಒಂದು ಕೋಣೆ ಹಿಡಿದಳು. ಬಟ್ಟೆಯ ಗಂಟು, ಒಂದು ಕಂಬಳಿ, ಚಹಾದ ಕುಡಿಕೆ ಕಟ್ಟಿಕೊಂಡಳು. ಬಾಗಿಲಲ್ಲಿ ಯಮ್ನಾ ಅಡ್ಡ ನಿಂತಳು.

“ಹೋಗು ಅಂತ ನಾನು ಅಂದಿಲ್ಲ.”

“ಇರು ಅಂತಾನೂ ಅನ್ಲಿಲ್ಲ ಅತ್ತೆ.”

ಯಮ್ನಾ ಬಾಗಿಲ ಚೌಕಟ್ಟಿನಿಂದ ಕೈ ತೆಗೆದಳು. ಪಕ್ಕಕ್ಕೆ ಸರಿದಳು. “ನಂಗೆ ಮುಂದಿನ ವರ್ಷ ಪರೀಕ್ಷೆ ಇದೆ. ಸ್ಕೂಲು ಇಲ್ಲಿಂದ ಹತ್ರ. ನಾನು ಇಲ್ಲೇ ಇರ್ತೀನಿ,” ಎಂದಳು ನುಹೈಲಾ ಒಳಗಿನಿಂದಲೇ.

“ಇರು,” ಎಂದಳು ಕೆಲ್ತೂಮ್. “ತಲೆಗೆ ಎಣ್ಣೆ ಹಚ್ಕೋ.”

ಕೋಣೆಗೆ ಒಂದೇ ಕಿಟಕಿ. ಅದರಾಚೆ ಮೈಲಿಗಟ್ಟಲೆ ಪ್ಲಾಸ್ಟಿಕ್ ಹೊದಿಸಿದ ಟೊಮೇಟೊ ತೋಟಗಳು. ಬಾಗಿಲಿಗೆ ಒಳಗಿನಿಂದ ಚಿಲಕವಿತ್ತು. ಮೊದಲ ದಿನ ಅವಳು ಅದನ್ನು ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದಳು. ನಿದ್ದೆ ಚೆನ್ನಾಗಿ ಬಂತು. ಎಚ್ಚರವಾದಾಗಲೇ ಕಷ್ಟ. ಒಬ್ಬಳಿಗೆ ಎಷ್ಟು ಹಿಟ್ಟು ನಾದಬೇಕೆಂಬುದು ಕೈಗೆ ಗೊತ್ತಿರಲಿಲ್ಲ. ರೊಟ್ಟಿ ಉಳಿದು ಕಲ್ಲಾಗುತ್ತಿತ್ತು. ಶೆಡ್ಡಿನಲ್ಲಿ ದಿನವಿಡೀ ಗದ್ದಲ, ಸಂಜೆ ಬಾಗಿಲು ಹಾಕಿದರೆ ಪಕ್ಕದ ಮನೆಯ ಟೀವಿಯ ನಗು. ಹದ್ದಾ ಆಗಾಗ ಬಂದು ಅರ್ಧ ಗಂಟೆ ಹರಟಿ ತನ್ನ ಮಕ್ಕಳ ಹತ್ತಿರ ಓಡುತ್ತಿದ್ದಳು. ಭಾನುವಾರ ನುಹೈಲಾಗೆ ಫೋನ್ ಮಾಡಿದರೆ, “ಚೆನ್ನಾಗಿದೀನಿ. ಓದ್ತಿದೀನಿ. ಇಡ್ಲಾ?” ಅಷ್ಟೇ.

ಟೊಮೇಟೊ ಹಂಗಾಮು ಮುಗಿಯುತ್ತ ಬಂದ ಒಂದು ಮಂಗಳವಾರ ಡಾಕ್ಟರ್ ವಫಾ ಅವಳಿಗಿಂತ ಮುಂಚೆಯೇ ನಗುತ್ತ ಕೂತಿದ್ದರು. ರಕ್ತದಲ್ಲಿ ವೈರಾಣು ಈಗ ಪರೀಕ್ಷೆಗೂ ಸಿಗದಷ್ಟು ಕಡಿಮೆಯಾಗಿದೆ ಎಂದರು. ಕಾಯಿಲೆ ಹೋಗಿಲ್ಲ, ಮಾತ್ರೆ ಬಿಡುವಂತಿಲ್ಲ. ಆದರೆ ಇದು ಅವಳನ್ನು ಕೊಲ್ಲುವುದಿಲ್ಲ.

“ಯಾರಿಗೆ ಮೊದಲು ಹೇಳ್ತೀರಿ?” ಎಂದು ಕೇಳಿದರು.

ಕೆಲ್ತೂಮ್ ಯೋಚಿಸಿದಳು. ಹದ್ದಾ ತವರಿಗೆ ಹೋಗಿದ್ದಳು. ಸಂತೆಯ ನಡುವೆ ನಡೆಯುವಾಗ ಎದುರಾದವರ ಮುಖವನ್ನೆಲ್ಲ ನೋಡಿದಳು, ನಿಲ್ಲಿಸಿ ಹೇಳುವಂಥದ್ದಲ್ಲ. ಬೂತಾಯಿ ಮೀನು ಕೊಂಡಳು. ಮೀನಿನವನು, “ಏನು ತಾಯಿ, ಮನೇಲಿ ಹಬ್ಬವಾ?” ಎಂದ. ಅವಳು ಹೌದೆಂದಳು.

ಕೋಣೆಗೆ ಬಂದು, ಮೀನನ್ನು ತಟ್ಟೆಗೆ ಹಾಕಿ, ಫೋನ್ ತೆಗೆದುಕೊಂಡಳು. ಇವತ್ತು ಭಾನುವಾರವಲ್ಲ. ಬಹಳ ಹೊತ್ತು ರಿಂಗಾಯಿತು.

“ಏನಮ್ಮ? ಏನಾಯ್ತು?”

“ಏನಿಲ್ಲ. ರಕ್ತದಲ್ಲಿ ಅದು ಈಗ ಕಾಣಿಸ್ತಿಲ್ವಂತೆ. ಮಾತ್ರೆ ತಗೊಳ್ತಾ ಇದ್ರೆ ಹಾಗೇ ಇರುತ್ತಂತೆ. ಅಷ್ಟೇ. ಓದ್ಕೋ ನೀನು.”

ಆ ಕಡೆ ಸದ್ದಿಲ್ಲ. ಫೋನ್ ಇಟ್ಟಳೇನೋ ಎಂದು ಕೆಲ್ತೂಮ್ ಪರದೆ ನೋಡಿದಳು. ಇಟ್ಟಿರಲಿಲ್ಲ.

“ಹಾಗಾದ್ರೆ ನೀನು ಸಾಯಲ್ವಾ?” ಎಂದಳು ಹುಡುಗಿ.

“ಇದರಿಂದ ಸಾಯಲ್ಲ.”

“ನಾನು ದಿನಾ... ನೀನಿಲ್ಲಿಂದ ಹೋದಾಗಿಂದ ದಿನಾ ಅದನ್ನೇ...” ಮುಂದಿನದು ಅಳುವಿನಲ್ಲಿ ಹೋಯಿತು. ಕೆಲ್ತೂಮ್ ಗೋಡೆಗೆ ಒರಗಿ ಕೂತು, ಮಗಳು ಅತ್ತು ಮುಗಿಸುವವರೆಗೆ ಕಾದಳು.

“ಇಡ್ಲಾ ಮಗಳೇ?”

“ಇಡ್ಬೇಡ. ಮಾತಾಡೋದೂ ಬೇಡ. ನಾನು ಲೆಕ್ಕ ಮಾಡ್ತಿದೀನಿ. ಸುಮ್ನೆ ಇರು ಅಷ್ಟೇ.”

ಕೆಲ್ತೂಮ್ ಫೋನನ್ನು ಜೋರು ಮಾಡಿ ಕಿಟಕಿಯ ಕಟ್ಟೆಯ ಮೇಲಿಟ್ಟು, ಮೀನು ಸೀಳತೊಡಗಿದಳು. ಆ ಕಡೆಯಿಂದ ಪೆನ್ಸಿಲ್ ಗೀಚುವ ಸದ್ದು, ಕುರ್ಚಿ ಎಳೆದ ಸದ್ದು. ಆಮೇಲೆ ಯಾರೋ ಕೋಣೆಯೊಳಗೆ ಬಂದ ಹಾಗಾಯಿತು.

“ಯಾರದು ಫೋನಲ್ಲಿ? ಮಾತೂ ಇಲ್ಲ, ಕತೆಯೂ ಇಲ್ಲ.” ಯಮ್ನಾಳ ದನಿ.

“ನಮ್ಮಮ್ಮ.”

ಕೆಲ್ತೂಮ್‌ಳ ಚಾಕು ನಿಂತಿತು. ಯಮ್ನಾ ಹೊರಗೆ ಹೋಗುವ ಹೆಜ್ಜೆ ಕೇಳಿಸಿತು. ಬಾಗಿಲ ಹತ್ತಿರ ಆ ಹೆಜ್ಜೆ ತಡೆಯಿತು.

“ಊಟ ಆಯ್ತಾ ಕೇಳು ಅವಳನ್ನ.”

“ನೀನೇ ಕೇಳು ಅಜ್ಜಿ,” ಎಂದಳು ನುಹೈಲಾ.

ಕೆಲ್ತೂಮ್ ಒದ್ದೆ ಕೈಯನ್ನು ಮಡಿಲಿಗೆ ಒರೆಸಿಕೊಂಡು ಕಿಟಕಿಯ ಹತ್ತಿರ ಬಂದು ನಿಂತಳು. ಹೊರಗೆ ಬಿಸಿಲು ಇಳಿದು ತೋಟಗಳ ಪ್ಲಾಸ್ಟಿಕ್ಕು ಕೆಂಪಗೆ ಕಾಣುತ್ತಿತ್ತು. ಫೋನಿನಲ್ಲಿ ಅತ್ತೆಯ ಉಸಿರು ಕೇಳಿಸುತ್ತಿತ್ತು, ತೀರ ಹತ್ತಿರ. ಇನ್ನೂ ಮಾತು ಬಂದಿರಲಿಲ್ಲ. ಕೆಲ್ತೂಮ್ ಕಾದಳು.